ಬಾಡಿಗೆ ಲೆಕ್ಕ ಮೂರು ತಿಂಗಳಿಗೊಮ್ಮೆ

ವರ್ಷವಿಡೀ ರಸೀದಿಗಳನ್ನು ಡಬ್ಬದಲ್ಲಿ ತುಂಬಿಟ್ಟು ಜನವರಿಯಲ್ಲಿ ಲೆಕ್ಕಕ್ಕೆ ಕೂರುವುದು ಬ್ರಿಟನ್ನಿನ ಅನೇಕ ಮನೆಮಾಲೀಕರಿಗೆ ಇನ್ನು ನಡೆಯದು. 2024-25ರಲ್ಲಿ ಬಾಡಿಗೆ ಮತ್ತು ಸ್ವಂತ ಉದ್ಯೋಗದಿಂದ 50,000 ಪೌಂಡ್ ಮೀರಿ ಪಡೆದವರು 2026ರ ಏಪ್ರಿಲ್ 6ರಿಂದ ಕಂಪ್ಯೂಟರಿನಲ್ಲೇ ಲೆಕ್ಕವಿಟ್ಟು, ಮೂರು ತಿಂಗಳಿಗೊಮ್ಮೆ ತೆರಿಗೆ ಇಲಾಖೆಗೆ ಕಳಿಸಬೇಕು. ಈ ಮಿತಿ 2027ರಲ್ಲಿ 30,000ಕ್ಕೆ, 2028ರಲ್ಲಿ 20,000ಕ್ಕೆ ಇಳಿಯುತ್ತದೆ.

ಹಲವರು ಎಡವುವುದು ಇಲ್ಲೇ: ನೋಡುವುದು ಖರ್ಚು ಕಳೆದ ಲಾಭವನ್ನಲ್ಲ, ಬಂದ ಪೂರ್ತಿ ಬಾಡಿಗೆಯನ್ನು. ಮಕ್ಕಳೇ, ಲೆಕ್ಕ ಹಾಕಿ. 54,000 ಪೌಂಡ್ ಬಾಡಿಗೆಯ ಮನೆ ದಂಪತಿಯ ಸಮಪಾಲಿನಲ್ಲಿದ್ದರೆ ತಲಾ 27,000. ಅಂಥ ಬೇರೆ ಆದಾಯವಿಲ್ಲದಿದ್ದರೆ 2028ರವರೆಗೆ ಬಿಡುವು.

ಅಷ್ಟರೊಳಗೆ ಬಾಡಿಗೆಗೆಂದೇ ಬೇರೆ ಬ್ಯಾಂಕ್ ಖಾತೆ ತೆರೆದು, ರಿಪೇರಿ, ವಿಮೆಯ ಚೀಟಿಗಳನ್ನು ಆಯಾ ದಿನವೇ ಬರೆದಿಡುವುದು ರೂಢಿಯಾಗಲಿ. ಮೊದಲ ಗಡುವು ಆಗಸ್ಟ್ 7. ವರ್ಷದ ಅಂತಿಮ ರಿಟರ್ನ್ಸ್ ಮಾತ್ರ ಹಿಂದಿನಂತೆ ಜನವರಿ 31ಕ್ಕೆ.