ಮಣ್ಣಿನ ಮನೆಯೂ ಭೂಕಂಪವೂ

ಭೂಮಿ ನಡುಗಿದರೆ ಮೊದಲು ಬೀಳುವುದು ಮಣ್ಣಿನ ಮನೆ ಎಂಬ ಮಾತನ್ನು ನಾವೆಲ್ಲ ಕೇಳುತ್ತ ಬಂದಿದ್ದೇವೆ. ಹಿರಿಯರ ಮಣ್ಣಿನ ಮನೆಯನ್ನು ಯಾವ ಭೂಕಂಪವೂ ಅಲುಗಿಸದು ಎಂದು ಹೆಮ್ಮೆಪಡುವವರೂ ಇದ್ದಾರೆ. ನನ್ನ ದೃಷ್ಟಿಯಲ್ಲಿ ಇವೆರಡೂ ಅರ್ಧಸತ್ಯಗಳು. ಮನೆಯ ಅಳಿವು ಉಳಿವು ಅದನ್ನು ಕಟ್ಟಿದ ಬಗೆಯನ್ನು ಅವಲಂಬಿಸಿದೆ.

2001ರ ಜನವರಿ 26ರಂದು ಗುಜರಾತಿನ ಕಚ್ಛ್ ಜಿಲ್ಲೆ ಕಂಪಿಸಿತು. ಅಂಜಾರ್ ಪಟ್ಟಣದಲ್ಲಿ ಗಣರಾಜ್ಯೋತ್ಸವದ ಮೆರವಣಿಗೆ ಹೊರಟಿದ್ದ 185 ಮಕ್ಕಳೂ 20 ಮಂದಿ ಶಿಕ್ಷಕರೂ ಕುಸಿದ ಕಟ್ಟಡಗಳಡಿ ಸಿಲುಕಿ ಮಡಿದರು. ವರ್ಷವರ್ಷವೂ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಪ್ರಭಾತಫೇರಿಗೆ ಕರೆದೊಯ್ದ ನನ್ನಂಥವರು ಆ ಸುದ್ದಿಯನ್ನು ಮರೆಯುವುದುಂಟೆ? ಅದೇ ಕಚ್ಛಿನ ಬನ್ನಿ ಪ್ರದೇಶದಲ್ಲಿ ‘ಭುಂಗಾ’ ಎಂಬ ದುಂಡನೆಯ ಮಣ್ಣಿನ ಮನೆಗಳು ಬಹುಮಟ್ಟಿಗೆ ಉಳಿದುಕೊಂಡವು.

ಇದರಲ್ಲಿ ಪವಾಡವೇನೂ ಇಲ್ಲ. ನೆಲ ಅಲುಗಿದಾಗ ಕಟ್ಟಡದ ಮೇಲೆ ಬೀಳುವ ಬಲ ಅದರ ತೂಕದೊಡನೆ ಹೆಚ್ಚುತ್ತದೆ. ಚೌಕಾಕಾರದ ಮನೆಯಲ್ಲಿ ಮೂಲೆಗಳು ಬಿರಿದು, ಉದ್ದದ ಗೋಡೆಗಳು ಹೊರಕ್ಕೆ ವಾಲುತ್ತವೆ. ಭುಂಗಾಕ್ಕೆ ಮೂಲೆಗಳೇ ಇಲ್ಲ. ದುಂಡು ಗೋಡೆಯ ಒಂದು ಭಾಗ ಪಕ್ಕದ ಭಾಗಕ್ಕೆ ಆಸರೆಯಾಗುತ್ತದೆ. ಮನೆ ಚಿಕ್ಕದು, ಗೋಡೆ ದಪ್ಪ, ಬಾಗಿಲು ಒಂದೇ, ಕಿಟಕಿಗಳು ಕಿರಿದು. ಮೇಲೆ ಬಿದಿರು ಮತ್ತು ಹುಲ್ಲಿನ ಹಗುರವಾದ ಶಂಕುವಿನಾಕಾರದ ಮಾಡು.

ಈಗ ನಮ್ಮ ಕಲಬುರಗಿ, ಬೀದರ್ ಗಡಿಗೆ ಹತ್ತಿರವಿರುವ ಮಹಾರಾಷ್ಟ್ರದ ಕಿಲ್ಲಾರಿಯನ್ನು ನೋಡಿ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಮಲಗಿದ್ದ ಸಾವಿರಾರು ಜನ ಅಲ್ಲಿ ಸತ್ತರು. ಅವೂ ಸಾಂಪ್ರದಾಯಿಕ ಮನೆಗಳೇ. ಆದರೆ ಮಣ್ಣಿನ ಕೆಸರಿನಲ್ಲಿ ಕಲ್ಲು ಪೇರಿಸಿದ ಗೋಡೆಗಳ ಒಳಮುಖ, ಹೊರಮುಖಗಳನ್ನು ಬೆಸೆಯುವ ಉದ್ದನೆಯ ಕಲ್ಲುಗಳಿರಲಿಲ್ಲ. ಮೇಲೆ ಮಳೆ, ಬಿಸಿಲು ತಡೆಯಲೆಂದು ದಪ್ಪನಾಗಿ ಹಾಕಿದ ಮಣ್ಣಿನ ಮಾಳಿಗೆ. ಬೇಸಿಗೆಯಲ್ಲಿ ತಂಪೆರೆದ ಆ ಭಾರವೇ ಅಂದು ಮೃತ್ಯುವಾಯಿತು. ಅದು ಭೂಕಂಪದ ಭಯವಿಲ್ಲವೆಂದು ಎಣಿಸಲಾಗಿದ್ದ ಸೀಮೆ ಎಂಬುದನ್ನೂ ನೆನಪಿಡಬೇಕು.

ಇದನ್ನೆಲ್ಲ ಬರೆಯಲು ಕಾರಣವಿದೆ. ಊರಿನ ಹಳೆಯ ಮನೆಯ ಮಣ್ಣಿನ ಗೋಡೆಗಳನ್ನು ಹಾಗೆಯೇ ಉಳಿಸಿಕೊಂಡು, ಮೇಲೆ ಆರ್‌ಸಿಸಿ ತಾರಸಿ ಹಾಕಿಸುವ ಆಲೋಚನೆ ನಮ್ಮ ಬಂಧುಗಳಲ್ಲೇ ಕೆಲವರಿಗಿದೆ. ದಯವಿಟ್ಟು ಹಾಗೆ ಮಾಡಬೇಡಿ. ಬಲವಿಲ್ಲದ ಗೋಡೆಯ ಮೇಲೆ ಹೊಸ ಭಾರ ಹೇರುವುದೆಂದರೆ ಕಿಲ್ಲಾರಿಯ ಮಾಳಿಗೆಯನ್ನೇ ಸಿಮೆಂಟಿನಲ್ಲಿ ಮತ್ತೆ ಕಟ್ಟಿದಂತೆ. ಗೋಡೆ ಉಳಿಸುವುದಾದರೆ ಮಾಡು ಹಗುರವಾಗಿರಲಿ. ಬಾಗಿಲು, ಕಿಟಕಿಗಳ ಮೇಲ್ಮಟ್ಟದಲ್ಲಿ ಗೋಡೆಗಳನ್ನೆಲ್ಲ ಸುತ್ತಿ ಬಿಗಿಯುವ ಪಟ್ಟಿ ಇರಲಿ. ಗೋಡೆಯ ಬುಡ ನೀರಿನಿಂದ ನೆನೆಯದಿರಲಿ. ಮಣ್ಣಿನ ಕಟ್ಟಡಗಳಿಗೆಂದೇ ಭಾರತೀಯ ಮಾನಕ ಬ್ಯೂರೋ 1993ರಲ್ಲಿ 13827ನೆಯ ಸಂಖ್ಯೆಯ ಮಾರ್ಗಸೂಚಿಯನ್ನು ಹೊರತಂದಿದೆ.

ನನ್ನ ಶಿಷ್ಯರಲ್ಲಿ ಎಂಜಿನಿಯರರಾದವರು ಅನೇಕರು. ಮಹಾನಗರಗಳ ಗೋಪುರಗಳಿಗೆ ನಕ್ಷೆ ಬರೆಯುವ ನೀವು, ರಜೆಗೆ ಊರಿಗೆ ಬಂದಾಗ ನೆರೆಯವರ ಗೋಡೆಯನ್ನೊಮ್ಮೆ ಪರೀಕ್ಷಿಸಿ, ನಾಲ್ಕು ಮಾತು ತಿಳಿಯಹೇಳಿದರೆ ನಿಮ್ಮ ವಿದ್ಯೆ ಸಾರ್ಥಕ.