ಕೊಳ್ಳುವ ಮೊದಲು ಲೆಕ್ಕ ಹಾಕೋಣ



ಆಷಾಢದ ಗಾಳಿಮಳೆಗೆ ಮರ ಬಿದ್ದು ತಂತಿ ಹರಿದರೆ ಮಲೆನಾಡಿನ ಒಂಟಿಮನೆಗಳ ಪಾಡೇನೆಂಬುದನ್ನು ನಾವು ವಿವರಿಸಬೇಕಾಗಿಲ್ಲ. ಆದುದರಿಂದಲೇ ನಾಲ್ಕಾರು ತೋಟದವರು ಕೂಡಿ ಹಳ್ಳದ ನೀರು, ಬಿಸಿಲು ಮತ್ತು ಬ್ಯಾಟರಿಗಳಿಂದ ತಮ್ಮದೇ ಪುಟ್ಟ ವಿದ್ಯುತ್ ಜಾಲವನ್ನು, ಅಂದರೆ ಮೈಕ್ರೋಗ್ರಿಡ್ಡನ್ನು, ಮಾಡಿಕೊಳ್ಳುವ ಮಾತು ಸದಸ್ಯರಲ್ಲಿ ಕೇಳಿಬರುತ್ತಿದೆ. ಮಾತು ಸ್ವಾಗತಾರ್ಹವೇ. ಆದರೆ ಯಂತ್ರ ಕೊಳ್ಳುವ ಮೊದಲು ಕಂಪ್ಯೂಟರಿನಲ್ಲಿ ಅದರ ಮಾದರಿ ಮಾಡಿ ನಡೆಸಿ ನೋಡಲೇಬೇಕೆಂಬುದು ನಮ್ಮ ಖಚಿತ ಅಭಿಪ್ರಾಯ.

ಸೆಕೆಂಡಿಗೆ 10 ಲೀಟರು ನೀರು 20 ಮೀಟರು ಎತ್ತರದಿಂದ ಬಿದ್ದರೆ ನಷ್ಟ ಕಳೆದು ಸುಮಾರು 1 ಕಿಲೋವ್ಯಾಟ್ ದೊರೆತೀತು. ಆದರೆ ಹಳ್ಳ ತುಂಬಿ ಹರಿಯುವುದು ಮಳೆಗಾಲದಲ್ಲಿ. ಪಲ್ಪರು, ಅಡಿಕೆ ಸುಲಿಯುವ ಯಂತ್ರ ತಿರುಗುವುದು ಚಳಿಗಾಲದ ಕೊಯ್ಲಿನಲ್ಲಿ. ರೊಬಸ್ಟಾಕ್ಕೆ ಹೂವಿನ ನೀರು ಹಾಯಿಸುವುದು ಹಳ್ಳ ಸೊರಗಿದ ಫೆಬ್ರವರಿ–ಮಾರ್ಚಿಯಲ್ಲಿ. ಬೇಸಗೆಯಲ್ಲಿ ಬಿಸಿಲು ಧಾರಾಳವೆನ್ನಿ. ಆದರೆ ಕೊಯ್ದ ಹಣ್ಣು ಪಲ್ಪರಿಗೆ ಬರುವುದು ಬಿಸಿಲಿಳಿದ ಮೇಲೆ! ವರ್ಷದ ಸರಾಸರಿ ಹಿಡಿದರೆ ಕಾಗದದ ಮೇಲೆ ಎಲ್ಲವೂ ಸರಿಹೋಗುತ್ತದೆ. ಹಣ್ಣು ಮಾತ್ರ ಮರುದಿನಕ್ಕೆ ಹುಳಿತಿರುತ್ತದೆ.

ಅಮೆರಿಕದ ನವೀಕರಣೀಯ ಇಂಧನ ಪ್ರಯೋಗಾಲಯದಲ್ಲಿ 1990ರ ದಶಕದಲ್ಲಿ ರೂಪುಗೊಂಡ ‘ಹೋಮರ್’ ಎಂಬ ತಂತ್ರಾಂಶವು ವರ್ಷದ 8,760 ಗಂಟೆಗಳಿಗೂ ಜಮಾ–ಖರ್ಚು ಬರೆಯಬಲ್ಲದು. ಆಯಾ ಗಂಟೆಯಲ್ಲಿ ಉತ್ಪಾದನೆಯೆಷ್ಟು, ಬಳಕೆಯೆಷ್ಟು, ಬ್ಯಾಟರಿಯಲ್ಲಿ ಉಳಿದುದೆಷ್ಟು ಎಂಬುದು ಅದರಿಂದ ತಿಳಿಯುತ್ತದೆ. ಕೆಲವು ಸೆಕೆಂಡುಗಳ ನಡೆಯನ್ನು ತೋರಿಸುವ ಬೇರೆ ಮಾದರಿಗಳೂ ಇವೆ. 5 ಅಶ್ವಶಕ್ತಿಯ ಮೋಟಾರು ಹೊರಡುವ ಗಳಿಗೆಯಲ್ಲಿ ಮಾಮೂಲಿನ ಐದಾರು ಪಟ್ಟು ಕರೆಂಟು ಎಳೆಯಬಹುದು. ಎರಡು ಮನೆಯ ಪಲ್ಪರು ಒಮ್ಮೆಗೇ ಹೊರಟರೆ ಇನ್ವರ್ಟರು ತಡೆದೀತೇ ಎಂಬುದಕ್ಕೆ ಇವು ಉತ್ತರ ಕೊಡುತ್ತವೆ.

ಸ್ಕಾಟ್ಲೆಂಡಿನ ಐಗ್ ದ್ವೀಪದವರು 2008ರಲ್ಲಿ ನೀರು, ಗಾಳಿ, ಬಿಸಿಲು ಮೂರನ್ನೂ ಜೋಡಿಸಿ ಸಮುದಾಯದ ಒಡೆತನದಲ್ಲೇ ಜಾಲ ಆರಂಭಿಸಿದರು. ಅಲ್ಲಿ ಮನೆಯೊಂದಕ್ಕೆ ಏಕಕಾಲಕ್ಕೆ 5 ಕಿಲೋವ್ಯಾಟ್, ಉದ್ಯಮಕ್ಕೆ 10 ಕಿಲೋವ್ಯಾಟ್ ಮಿತಿ. ಯಂತ್ರದಷ್ಟೇ ಈ ಕಟ್ಟುಪಾಡೂ ಮುಖ್ಯ. ಯಾರ ಪಲ್ಪರು ಯಾವ ಹೊತ್ತಿಗೆ ಎಂಬ ಸರದಿಯನ್ನೂ ನಾವು ಮಾದರಿಯಲ್ಲೇ ಪರೀಕ್ಷಿಸಬಹುದು.

‘ಲೆಕ್ಕವಿಲ್ಲದೆಯೇ ಹಳ್ಳಕ್ಕೆ ಟರ್ಬೈನು ಇಟ್ಟವರಿಲ್ಲವೇ?’ ಎಂದು ಕೆಲವರು ಕೇಳಬಹುದು. ಇದ್ದಾರೆ. ಒಬ್ಬರ ಮನೆಯ ತಪ್ಪು ಒಬ್ಬರಿಗೇ ಸೇರಿತು. ಆದರೆ ಸಂಘದ ಸಾಲದಿಂದ ಮಾಡಿದ ಜಾಲ ಸೋತರೆ, ಅದರ ದೀಪವನ್ನೇ ಕಾಣದ ಸಣ್ಣ ಹಿಡುವಳಿದಾರರ ಷೇರು ಹಣಕ್ಕೂ ಪೆಟ್ಟು.

ಮಾದರಿಗೆ ಊಡುವ ಅಂಕಿ ಸುಳ್ಳಾದರೆ ಬರುವ ಉತ್ತರವೂ ಸುಳ್ಳೇ. ಆದ್ದರಿಂದ ಆಸಕ್ತ ಸದಸ್ಯರು ಇಂದೇ ಒಂದು ನೋಟ್ ಪುಸ್ತಕ ತೆರೆಯಲಿ. ನೀರು ಇಳಿದ ತಿಂಗಳುಗಳಲ್ಲಿ 200 ಲೀಟರಿನ ಡ್ರಮ್ಮು ತುಂಬಲು ಎಷ್ಟು ಸೆಕೆಂಡು, ಯಾವ ಮೋಟಾರು ಎಷ್ಟು ಹೊತ್ತು ಎಂಬುದನ್ನು ಮುಚ್ಚುಮರೆಯಿಲ್ಲದೆ ಬರೆದಿಡಲಿ. ಒಂದು ವರ್ಷದ ಅಂಥ ಲೆಕ್ಕವೂ ಮಾದರಿಯ ಫಲಿತಾಂಶವೂ ಮುಂದೆ ಬರುವತನಕ ಸಂಘವು ಈ ಬಾಬ್ತಿಗೆ ಸಾಲ ಮಂಜೂರು ಮಾಡಬಾರದೆಂದು ಆಡಳಿತ ಮಂಡಳಿಯಲ್ಲಿ ನಮ್ಮ ವಿನಂತಿ.

— ಕಾರ್ಯದರ್ಶಿ