ಹಳೆಯ ಗ್ರಾಹಕರಿಗೂ ಟೈರು ಬೇಕು

ಜಪಾನಿನ ಮಜ್ದಾ ಕಂಪನಿಯು 1989ರಲ್ಲಿ ಸಾಮಾನ್ಯ ಗ್ರಾಹಕರ ಕೈಗೆಟುಕುವ ಬೆಲೆಯ, ಎರಡು ಆಸನಗಳ ಎಂಎಕ್ಸ್-5 ರೋಡ್‌ಸ್ಟರ್ ಕಾರನ್ನು ಮಾರುಕಟ್ಟೆಗೆ ತಂದಿತು. ಸುಮಾರು ಒಂದು ಟನ್ ತೂಕದ ಈ ಹಗುರ ವಾಹನಕ್ಕೆ ಅಳವಡಿಸಿದ್ದು 185/60 ಅಳತೆಯ, 14 ಅಂಗುಲ ರಿಮ್ಮಿನ ಟೈರು. ಕಾಲಕ್ರಮದಲ್ಲಿ ಹೊಸ ಕಾರುಗಳ ಚಕ್ರಗಳು ದೊಡ್ಡವಾದವು. ಈ ಅಳತೆಯ ಉತ್ತಮ ಟೈರುಗಳು ವಿರಳವಾದವು. ಭಾರವಾದ, ಅಗಲವಾದ ಟೈರು ಹಾಕಿದರೆ ಕಾರಿನ ಸಹಜ ಚುರುಕು ಕುಂದುತ್ತದೆ.

2017ರಲ್ಲಿ ಕಂಪನಿಯು ಜಪಾನಿನಲ್ಲಿ ಹಳೆಯ ರೋಡ್‌ಸ್ಟರ್‌ಗಳ ನವೀಕರಣ ಯೋಜನೆಯನ್ನು ಪ್ರಕಟಿಸಿತು. ಬ್ರಿಜ್‌ಸ್ಟೋನ್ ಸಂಸ್ಥೆಯ ಸಹಕಾರದಿಂದ ಮೂಲ ಅಳತೆಯ ಟೈರು ಮರಳಿ ತಯಾರಾಯಿತು.

ಮಾದರಿ ಬದಲಾದೊಡನೆ ಹಳೆಯ ಡೈಗಳನ್ನು ಗುಜರಿಗೆ ಹಾಕುವ ನಮ್ಮ ಸಣ್ಣ ಉದ್ದಿಮೆದಾರರು ಇದನ್ನು ಗಮನಿಸಬೇಕು. ಬಿಡಿಭಾಗ ಸಿಗದೆ ಹಿಂತಿರುಗಿದ ಗ್ರಾಹಕನು ಹೊಸ ಸರಕಿಗಾಗಿ ಮತ್ತೆ ನಮ್ಮ ಬಾಗಿಲಿಗೆ ಬರಲಾರನು.